ಎಳ್ಳಮಾವಾಸ್ಯೆಯ ಭಜ್ಜಿ: ಮಗಳಿಗೊಂದು ಪತ್ರ

ಕಲಬುರಗಿ

ಮಗಳೇ, ನಿನಗೆ ಅನೇಕ ಆಶೀರ್ವಾದಗಳು.

ದಿಲ್ಲಿಯ ಚಳಿಯಲ್ಲಿ ನಿನ್ನ ಗೆಳತಿ ಗಾಜಿನ ಪಾತ್ರೆಯಲ್ಲಿ ಕಾಯಿಪಲ್ಯೆ, ಪಾಸ್ತಾ, ಚೀಸ್ ಎಲ್ಲವನ್ನೂ ಸೇರಿಸಿ ಒವನ್‌ನಲ್ಲಿ ಬೇಯಿಸಿದ ಅಡುಗೆಯ ಚಿತ್ರವನ್ನು ನೋಡಿದೆ. ಅದನ್ನು ಕ್ಯಾಸರೋಲ್ ಅನ್ನುತ್ತಾರೆಂದೂ, ಒಂದೇ ಪಾತ್ರೆಯಲ್ಲಿ ಬೆಂದು ಅದೇ ಪಾತ್ರೆಯಿಂದ ಎಲ್ಲರ ತಾಟಿಗೂ ಹೋಗುವ ಅಂಥ ಊಟ ನಮ್ಮ ಕಡೆ ಯಾವುದಿದೆಯೆಂದೂ ನೀನು ಕೇಳಿದ್ದೀ. ನಮ್ಮಲ್ಲಿ ಅದು ಭಜ್ಜಿ; ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲ, ಕಾಳು, ಸೊಪ್ಪು, ಕಾಯಿಪಲ್ಯೆಗಳನ್ನು ಕಡಲೆಹಿಟ್ಟಿನೊಂದಿಗೆ ಕುದಿಸುವ ಗಟ್ಟಿ ಅಡುಗೆ. ಫೋನಿನಲ್ಲಿ ಹೇಳಿದರೆ ಅರ್ಧ ನಿನ್ನ ಕಿವಿಗೆ ಬೀಳುತ್ತದೆ, ಅರ್ಧ ಅಲ್ಲಿಯ ಗದ್ದಲದಲ್ಲಿ ಹೋಗುತ್ತದೆ. ಆದ್ದರಿಂದ ಬರೆದೇ ಕಳಿಸುತ್ತಿದ್ದೇನೆ. ಅಡುಗೆಮನೆಯ ಗೋಡೆಗೆ ಅಂಟಿಸಿಕೋ.

ಮಾರ್ಗಶಿರ ಮಾಸ ಮುಗಿಯುವ ಎಳ್ಳಮಾವಾಸ್ಯೆಯ ದಿನ ಕಲಬುರಗಿ, ಬೀದರ, ಯಾದಗಿರಿಯ ಹೊಲಗಳಲ್ಲಿ ಉಣ್ಣುವ ಅಡುಗೆ ಇದು. ಡಿಸೆಂಬರ್‌ನಲ್ಲಿಯೋ ಜನವರಿಯ ಮೊದಲಲ್ಲಿಯೋ ಆ ಅಮಾವಾಸ್ಯೆ ಬರುವ ಹೊತ್ತಿಗೆ ಹಿಂಗಾರಿ ಜೋಳ ತೆನೆ ಹಿಡಿದಿರುತ್ತದೆ, ಕಡಲೆ ಗಿಡದಲ್ಲಿ ಹಸಿರು ಕಾಯಿ ತೂಗುತ್ತಿರುತ್ತವೆ, ತೊಗರಿ ಒಂದು ಕಡೆ ಒಣಗುತ್ತಿದ್ದರೂ ಇನ್ನೊಂದು ಕಡೆ ಸುಲಿಯಲು ಬರುವಂಥ ಹಸಿ ಕಾಯಿಗಳಿರುತ್ತವೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ, ಅಂದರೆ ಭೂತಾಯಿಗೆ ಎಡೆಯ ಅಡುಗೆ, ಚೆಲ್ಲಿ, ನೆರೆಹೊಲದವರನ್ನೂ ಕರೆದು ಕೂಡಿ ಉಣ್ಣುವಾಗ ಭಜ್ಜಿಯಿಲ್ಲದ ತಾಟು ಇರುವುದಿಲ್ಲ. ಆ ದಿನ ಹೊಲದಲ್ಲಿ, ಹಿತ್ತಿಲಲ್ಲಿ ಏನು ಹಸಿಯಾಗಿ ಸಿಗುತ್ತದೋ ಅದೆಲ್ಲ ಅದರೊಳಗೆ ಬರುತ್ತದೆ. ಹೀಗಾಗಿ ಅದಕ್ಕೆ ಇಂಥದ್ದೇ ಕಾಯಿಪಲ್ಯೆ ಬೇಕೆಂಬ ಕಟ್ಟು ಇಲ್ಲ. ಕಟ್ಟು ಇರುವುದು ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಆಮೇಲೆ ಹಾಕಬೇಕು ಎಂಬುದರಲ್ಲಿ. ಇದೊಂದನ್ನು ನೀನು ಹಿಡಿದುಕೊಂಡರೆ ದಿಲ್ಲಿಯ ಸಂತೆಯ ಸಾಮಾನಿನಲ್ಲೂ ನಮ್ಮ ಹೊಲದ ರುಚಿ ಬರುತ್ತದೆ.

ಎಂಟು ಜನರಿಗೆ ಲೆಕ್ಕ ಹೇಳುತ್ತೇನೆ, ಅದಕ್ಕಿಂತ ಕಡಿಮೆ ಮಾಡಬೇಡ. ಹಸಿ ತೊಗರಿಕಾಳು, ಹಸಿ ಅವರೆಕಾಳು, ಹಸಿ ಕಡಲೆ ಒಂದೊಂದು ಬಟ್ಟಲು; ಹಸಿ ವಟಾಣಿ ಮತ್ತು ಶೇಂಗಾ ಅರ್ಧರ್ಧ ಬಟ್ಟಲು. ಚಳಿಗಾಲದಲ್ಲಿ ನಿಮ್ಮಲ್ಲಿ ಹಸಿ ಕಡಲೆಯನ್ನು ಛೋಲಿಯಾ ಎಂದು ಸುಲಿದೇ ಮಾರುತ್ತಾರೆ, ವಟಾಣಿಗಂತೂ ಅಲ್ಲಿ ಬರವೇ ಇಲ್ಲ. ಅವರೆ, ತೊಗರಿ ಬೇಕಾದರೆ ದಕ್ಷಿಣದ ಕಾಯಿಪಲ್ಯೆ ಸಿಗುವ ಐಎನ್‌ಎ ಮಾರುಕಟ್ಟೆಗೆ ಒಮ್ಮೆ ಹೋಗಿ ಕೇಳು. ಹಸಿ ತೊಗರಿ ಸಿಗದಿದ್ದರೆ ನಾನು ಕಳಿಸುವ ಇಡೀ ತೊಗರಿಕಾಳನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕುಕ್ಕರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿಕೋ. ತೊಗರಿಯನ್ನು ಮಾತ್ರ ಬಿಡಬೇಡ. ಈ ಕರಿ ನೆಲದ ತೊಗರಿಯಲ್ಲಿ ಒಂದು ಗಟ್ಟಿ ರುಚಿಯಿದೆ; ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಹೊರಗಿನವರಿಗೆ ಅದು ಹೊಸ ಸುದ್ದಿಯಾಗಿರಬಹುದು, ನಮ್ಮ ಒಲೆಗಳಿಗೆ ಹೊಸದಾಗಿರಲಿಲ್ಲ.

ತಪ್ಪಲಪಲ್ಯೆ ಧಾರಾಳವಾಗಿರಲಿ. ಸೋಸಿ, ತೊಳೆದು, ಹೆಚ್ಚಿದ ಮೇಲೆ ಎಲ್ಲ ಸೇರಿ ಅರ್ಧ ಕಿಲೋ ತೂಗಬೇಕು. ಮೆಂತ್ಯ ಒಂದು ಕಟ್ಟು, ಪಾಲಕ ಒಂದು ಕಟ್ಟು, ಹಸಿ ಉಳ್ಳಾಗಡ್ಡಿಯನ್ನು ತಪ್ಪಲ ಸಮೇತ ಒಂದು ಕಟ್ಟು, ಸಬ್ಬಸಗಿ ಒಂದು ಹಿಡಿ. ಇನ್ನು ಪುಂಡಿ ಎಂಬ ಹುಳಿ ಸೊಪ್ಪು, ಅದು ಸಿಕ್ಕರೆ ನಿನ್ನ ಅದೃಷ್ಟ, ಸಿಗದಿದ್ದರೆ ಹುಣಸೆಯನ್ನು ಸ್ವಲ್ಪ ಹೆಚ್ಚಿಸು. ಅಲ್ಲಿ ಬಥುವಾ ಎಂದು ಮಾರುವ ಸೊಪ್ಪು ನಮ್ಮ ಚಕ್ಕೋತ ಸೊಪ್ಪಿನ ಬಳಗದ್ದು, ಭಜ್ಜಿಗೆ ಚೆನ್ನಾಗಿ ಹೊಂದುತ್ತದೆ, ಸಂಕೋಚವಿಲ್ಲದೆ ಹಾಕು. ಕಾಯಿಗಳಲ್ಲಿ ಗಜ್ಜರಿ ಎರಡು, ಎಳೆಯ ಬದನೆಕಾಯಿ ನಾಲ್ಕು, ಒಂದೊಂದು ಹಿಡಿ ಚವಳಿಕಾಯಿ ಮತ್ತು ಬೀನ್ಸ್ ಸಾಕು. ಆಲೂಗಡ್ಡೆ ಹಾಕುವವರಿದ್ದಾರೆ, ನಾನು ಹಾಕುವುದಿಲ್ಲ. ಕಾಳು ಮತ್ತು ಕಡಲೆಹಿಟ್ಟು ಇಷ್ಟು ಇರುವಾಗ ಅದು ಹೊಟ್ಟೆಯನ್ನು ಭಾರ ಮಾಡುತ್ತದೆಯೇ ಹೊರತು ರುಚಿಗೆ ಏನನ್ನೂ ಕೊಡುವುದಿಲ್ಲ. ಹೂಕೋಸೂ ಬೇಡ, ಅದರ ವಾಸನೆ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ.

ಈಗ ಅನುಕ್ರಮಕ್ಕೆ ಬರುತ್ತೇನೆ, ಇದನ್ನು ಎರಡು ಸಲ ಓದು. ದಪ್ಪ ತಳದ ದೊಡ್ಡ ಬೋಗುಣಿಯಲ್ಲಿ ಒಂದೂವರೆ ಲೀಟರ್ ನೀರು ಕುದಿಸಿ, ಚಿಟಿಕೆ ಅರಿಶಿಣ ಮತ್ತು ಒಂದು ಚಮಚ ಎಣ್ಣೆ ಹಾಕಿ, ಮೊದಲು ಶೇಂಗಾ ಮತ್ತು ತೊಗರಿಯನ್ನು ಬಿಡು. ಹತ್ತು ನಿಮಿಷದ ನಂತರ ಅವರೆ ಮತ್ತು ಕಡಲೆ, ಅವು ಅರ್ಧ ಬೆಂದ ಮೇಲೆ ವಟಾಣಿ, ಚವಳಿಕಾಯಿ, ಬೀನ್ಸ್, ಗಜ್ಜರಿ, ಕೊನೆಗೆ ಬದನೆಕಾಯಿ. ಒಂದು ಅವರೆಕಾಳನ್ನು ಬೆರಳುಗಳ ನಡುವೆ ಒತ್ತಿ ನೋಡು. ಸಿಪ್ಪೆ ಜಾರಿ ಒಳಗಿನ ಬೇಳೆ ಹಿಟ್ಟಿನಂತಾಗದೆ ಮೆತ್ತಗೆ ಎರಡಾದರೆ ಹದ ಬಂದಿದೆ ಎಂದು ತಿಳಿ. ಅಲ್ಲಿಯವರೆಗೆ ಹುಳಿ ಅನ್ನುವುದು ಬೋಗುಣಿಯ ಹತ್ತಿರವೂ ಸುಳಿಯಬಾರದು. ಕಾಳಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಎಂಬ ಅಂಶ ಬಿಸಿ ನೀರಿನಲ್ಲಿ ಸಡಿಲಾಗುವುದರಿಂದ ಕಾಳು ಮೆತ್ತಗಾಗುತ್ತದೆ. ಹುಳಿ ಬಿದ್ದರೆ ಅದು ಸಡಿಲಾಗುವುದಿಲ್ಲ, ಆಮೇಲೆ ಎಷ್ಟು ಹೊತ್ತು ಕುದಿಸಿದರೂ ಕಾಳು ಹಲ್ಲಿಗೆ ಗಟ್ಟಿಯಾಗಿಯೇ ಸಿಗುತ್ತದೆ. ಪುಂಡಿಯನ್ನೂ ಹುಳಿಯೆಂದೇ ಎಣಿಸಬೇಕು, ಉಳಿದ ಸೊಪ್ಪಿನ ಜೊತೆ ಹಾಕಬಾರದು. ನಿಮ್ಮ ಮನೆಗೆ ಬೋರ್‌ವೆಲ್ ನೀರು ಬರುತ್ತದೆಂದು ನೀನು ಹೇಳಿದ್ದೀ. ಗಡಸು ನೀರಿನಲ್ಲಿರುವ ಸುಣ್ಣದ ಅಂಶವೂ ಇದೇ ತೊಂದರೆ ಕೊಡುತ್ತದೆ, ಕಾಳು ಬೇಯಿಸಲು ಕುಡಿಯುವ ನೀರನ್ನೇ ಬಳಸು.

ಕಾಳು ಬೆಂದ ಮೇಲೆ ಉಪ್ಪು ಹಾಕಿ, ಪುಂಡಿಯೊಂದನ್ನು ಬಿಟ್ಟು ಉಳಿದ ಸೊಪ್ಪನ್ನೆಲ್ಲ ಹಾಕು. ಬೋಗುಣಿ ತುಂಬಿ ಚೆಲ್ಲುವಂತೆ ಕಾಣುತ್ತದೆ, ಹೆದರಬೇಡ, ಎರಡು ನಿಮಿಷದಲ್ಲಿ ಕುಗ್ಗಿ ತಳ ಸೇರುತ್ತದೆ.

ಅಷ್ಟರಲ್ಲಿ ಹನ್ನೆರಡು ಹಸಿಮೆಣಸಿನಕಾಯಿ, ಎರಡು ಗಡ್ಡೆ ಬಳ್ಳೊಳ್ಳಿ, ಎರಡು ಚಮಚ ಜೀರಿಗೆ, ಒಂದು ಹಿಡಿ ಕೊತ್ತಂಬರಿಯನ್ನು ಕುಟ್ಟಿಕೋ. ನುಣ್ಣಗೆ ರುಬ್ಬಬಾರದು, ಬಳ್ಳೊಳ್ಳಿಯ ಚೂರು ನಾಲಿಗೆಗೆ ಸಿಗಬೇಕು. ಮಿಕ್ಸರ್ ಆದರೆ ಎರಡು ಸುತ್ತು ತಿರುಗಿಸಿ ನಿಲ್ಲಿಸು. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣನ್ನು ಬಿಸಿ ನೀರಿನಲ್ಲಿ ನೆನೆಸಿ ಹಿಂಡಿ ರಸ ತೆಗೆದಿಡು. ಸಣ್ಣ ಬಾಣಲೆಯಲ್ಲಿ ನಾಲ್ಕೈದು ದೊಡ್ಡ ಚಮಚ ಕುಸುಬಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಈ ಕುಟ್ಟಿದ ಖಾರವನ್ನು ಹಾಕಿ, ಬಳ್ಳೊಳ್ಳಿಯ ಹಸಿ ವಾಸನೆ ಹೋಗಿ ಅಂಚು ಕೆಂಪಗಾಗುವವರೆಗೆ ಹುರಿದು ಬೋಗುಣಿಗೆ ಸುರಿ. ಹುಣಸೆರಸವನ್ನೂ ಹೆಚ್ಚಿದ ಪುಂಡಿಯನ್ನೂ ಹಾಕುವುದು ಈಗ. ಬೀದರದ ಕಡೆಯ ಕೆಲವು ಮನೆಗಳಲ್ಲಿ ಹುಣಸೆಯ ಬದಲು ಹುಳಿ ಮಜ್ಜಿಗೆ ಹಾಕುತ್ತಾರೆ, ಅದೂ ರುಚಿಯೇ. ನಿಮ್ಮ ಅಜ್ಜಿ ಹುಣಸೆಯನ್ನೇ ಹಾಕುತ್ತಿದ್ದರು, ನಾನೂ ಅದನ್ನೇ ಮುಂದುವರಿಸಿದ್ದೇನೆ.

ಇನ್ನು ಉಳಿದದ್ದು ಕಡಲೆಹಿಟ್ಟು, ಭಜ್ಜಿ ಕೂಡುವುದು ಅದರಿಂದಲೇ. ನೂರು ಗ್ರಾಂ ಹಿಟ್ಟನ್ನು ತಣ್ಣೀರಿನಲ್ಲಿ, ಬಿಸಿ ನೀರಿನಲ್ಲಲ್ಲ, ಮೊದಲು ಗಟ್ಟಿಯಾಗಿ ಕಲಸಿ ಗಂಟುಗಳನ್ನೆಲ್ಲ ಬೆರಳಿನಿಂದ ಒಡೆದು, ಆಮೇಲೆ ಮತ್ತಷ್ಟು ನೀರು ಹಾಕಿ ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೋ. ಉರಿ ಸಣ್ಣ ಮಾಡಿ, ಒಂದು ಕೈಯಿಂದ ಸಣ್ಣ ಧಾರೆಯಾಗಿ ಸುರಿಯುತ್ತ ಇನ್ನೊಂದು ಕೈಯಿಂದ ತಳ ಮುಟ್ಟುವಂತೆ ಸೌಟಾಡಿಸಬೇಕು. ಐದು ನಿಮಿಷದೊಳಗೆ ನೀರಿನ ಬಣ್ಣ ಹೋಗಿ ಹಳದಿ ಮಿಶ್ರಿತ ಹಸಿರು ಬರುತ್ತದೆ, ಗುಳ್ಳೆಗಳು ನಿಧಾನವಾಗಿ ಎದ್ದು ಒಡೆಯತೊಡಗುತ್ತವೆ. ಆ ಹೊತ್ತಿಗೆ ಮುಖವನ್ನು ಬೋಗುಣಿಯ ಮೇಲೆ ಬಾಗಿಸಬೇಡ, ಒಡೆದ ಗುಳ್ಳೆಯ ಹನಿ ಸಿಡಿದರೆ ಚರ್ಮ ಸುಡುತ್ತದೆ. ಉದ್ದ ಹಿಡಿಕೆಯ ಸೌಟನ್ನೇ ಹಿಡಿ. ಗಟ್ಟಿಯಾಯಿತೆಂದು ಇಳಿಸಿಬಿಡುವ ಆಸೆಯಾಗುತ್ತದೆ, ಇಳಿಸಬೇಡ. ಹಿಟ್ಟು ಗಟ್ಟಿಯಾಗುವುದು ಬೇಗ, ಅದರ ಹಸಿ ವಾಸನೆ ಹೋಗುವುದು ನಿಧಾನ. ಸಣ್ಣ ಉರಿಯಲ್ಲಿ ಇನ್ನೂ ಹದಿನೈದು ನಿಮಿಷವಾದರೂ ಅದು ಕುದಿಯಬೇಕು. ಎಣ್ಣೆ ಅಂಚಿನಲ್ಲಿ ತೇಲಿ ಬಂದಾಗ ಒಂದು ಹನಿ ನಾಲಿಗೆಗೆ ಹಚ್ಚಿ ನೋಡು. ಹಿಟ್ಟಿನ ಒಗರು ಇರದೆ ಖಾರ, ಹುಳಿ, ಸೊಪ್ಪಿನ ಕಹಿ ಮೂರೂ ಒಟ್ಟಿಗೆ ಬಂದರೆ ಭಜ್ಜಿ ಆಯಿತು. ಒಲೆಯ ಮೇಲಿರುವಾಗ ಸಾರಿಗಿಂತ ಗಟ್ಟಿ, ಕಡಲೆಹಿಟ್ಟಿನ ಗಟ್ಟಿ ಪಲ್ಯೆಯಾದ ಝುಣಕಕ್ಕಿಂತ ಬಹಳ ಸಡಿಲ ಇರಲಿ, ಆರಿದಂತೆ ಅದು ತಾನೇ ಬಿಗಿಯುತ್ತದೆ.

ನಿಮ್ಮ ಮನೆಯ ಒವನ್ ಇದಕ್ಕೆ ಉಪಯೋಗವಾಗುತ್ತದೆ ಎಂದೇ ನನಗೆ ಅನ್ನಿಸುತ್ತದೆ. ಹಳ್ಳಿಯಲ್ಲಿ ಭಜ್ಜಿಯ ಗಡಿಗೆಯನ್ನು ಕೆಂಡದ ಮೇಲೆ ಮುಚ್ಚಿಟ್ಟು ರೊಟ್ಟಿ ಬಡಿಯಲು ಕೂರುತ್ತಿದ್ದೆವು. ಸುತ್ತಲಿನಿಂದ ಬರುವ ಮೆಲ್ಲನೆಯ ಕಾವಿಗೆ ತಳ ಹತ್ತುತ್ತಿರಲಿಲ್ಲ. ಹಿಟ್ಟು ಹಾಕಿ ಒಲೆಯ ಮೇಲೆ ಒಂದು ಕುದಿ ಬರಿಸಿದ ಮೇಲೆ, ಒವನ್‌ಗೆ ಆಗುವ ಮುಚ್ಚಳದ ಪಾತ್ರೆಗೆ ಭಜ್ಜಿಯನ್ನು ಸುರಿದು 150 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಆ ಕೆಲಸವೇ ಆಗುತ್ತದೆ, ಸೌಟು ಹಿಡಿದು ನಿಲ್ಲುವ ಶ್ರಮವೂ ತಪ್ಪುತ್ತದೆ. ಆದರೆ ಎಲ್ಲವನ್ನೂ ಒಮ್ಮೆಗೇ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಹೊಡೆಸುವ ಯೋಚನೆ ಮಾತ್ರ ಮಾಡಬೇಡ. ಗಜ್ಜರಿ ಗಜ್ಜರಿಯಾಗಿ, ಅವರೆ ಅವರೆಯಾಗಿ ಬಾಯಿಗೆ ಸಿಗದಿದ್ದರೆ ಇಷ್ಟೊಂದು ಬಗೆ ಕೂಡಿಸಿದ್ದು ಯಾತಕ್ಕೆ? ಟೊಮೆಟೊ, ಗರಂ ಮಸಾಲೆಗಳಿಗೂ ಇಲ್ಲಿ ಕೆಲಸವಿಲ್ಲ.

ಜೊತೆಗೆ ಸಜ್ಜೆ ರೊಟ್ಟಿಯೇ ಆಗಬೇಕು. ಸಜ್ಜೆ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ಕುದಿಯುವ ನೀರಿನಲ್ಲಿ ಕಲಸಿ ಚೆನ್ನಾಗಿ ನಾದು, ಬಡಿದ ಮೇಲೆ ಎಳ್ಳು ಹಚ್ಚು. ಈ ಹಿಟ್ಟಿನಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕಮಟು ವಾಸನೆ ಬಂದು ಕಹಿಯಾಗುತ್ತದೆ. ಅಲ್ಲಿ ಬಾಜ್ರಾ ಎಂದು ಕೇಳಿ ಅರ್ಧ ಕಿಲೋ ಮಾತ್ರ ತಾ, ಸಾಧ್ಯವಾದರೆ ಗಿರಣಿಯಲ್ಲಿ ಆಗಲೇ ಬೀಸಿದ್ದನ್ನು ತಾ. ಬಡಿಯಲು ಬಾರದ ನಿನ್ನ ಗೆಳತಿಯರು ಕಡಕ್ ರೊಟ್ಟಿಯನ್ನು ಮುರಿದು ಭಜ್ಜಿಯಲ್ಲಿ ನೆನೆಸಿ ತಿನ್ನಲಿ, ಅದೂ ಒಂದು ಸುಖವೇ. ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಮೊಸರು ಇದ್ದರೆ ಮತ್ತೇನೂ ಬೇಡ.

ಎಂಟು ಜನರ ಲೆಕ್ಕ ಯಾಕೆ ಹೇಳಿದೆನೆಂದರೆ, ಹತ್ತು ಬಗೆಯ ಕಾಳು ಕಾಯಿಪಲ್ಯೆ ಸೇರುವ ಅಡುಗೆಯನ್ನು ಇಬ್ಬರಿಗಾಗುವಷ್ಟು ಮಾಡಲು ಬರುವುದಿಲ್ಲ. ಮೇಲಿನ ಮನೆಯ ಆ ಬಂಗಾಳಿ ದಂಪತಿಯನ್ನು ಕರೆ, ಕಾವಲುಗಾರನಿಗೆ ಒಂದು ಡಬ್ಬಿ ಕೊಡು. ರಾತ್ರಿಯಿಡೀ ಆ ಚಳಿಯಲ್ಲಿ ಕೂರುವವನು ಅವನೇ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟರೆ ಮರುದಿನ ಖಾರ, ಹುಳಿ ಕಾಳಿನೊಳಗೆ ಇಳಿದು ಇನ್ನೂ ರುಚಿಯಾಗುತ್ತದೆ. ಬಿಸಿ ಮಾಡುವಾಗ ತಣ್ಣೀರು ಸುರಿಯದೆ ಕುದಿನೀರು ಹಾಕಿ ಸಡಿಲ ಮಾಡು, ಮೂರನೆಯ ದಿನಕ್ಕೆ ಉಳಿಸಬೇಡ.

ಅಮಾವಾಸ್ಯೆಗೆ ನಿನಗೆ ರಜೆ ಸಿಗುವುದಿಲ್ಲವೆಂದು ನಿಮ್ಮ ಅಪ್ಪ ಆಗಲೇ ಬೇಸರ ಮಾಡಿಕೊಂಡಿದ್ದಾರೆ. ಅದಕ್ಕೆ ಹಿಂದಿನ ಅಥವಾ ಮುಂದಿನ ಭಾನುವಾರ ಮಾಡಿಕೋ, ತಪ್ಪೇನಿಲ್ಲ. ಇಡೀ ತೊಗರಿ, ಕುಸುಬಿ ಎಣ್ಣೆ, ಶೇಂಗಾ ಹಿಂಡಿ, ಮೂರು ಡಜನ್ ಕಡಕ್ ರೊಟ್ಟಿಯನ್ನು ಪಾರ್ಸೆಲ್‌ನಲ್ಲಿ ಕಳಿಸುತ್ತೇನೆ. ಸಂತೆಯಲ್ಲಿ ಯಾವ ಯಾವ ಸೊಪ್ಪು ಸಿಕ್ಕಿತೆಂದು ಹಿಂದಿನ ದಿನವೇ ತಿಳಿಸು, ಪುಂಡಿ ಇಲ್ಲದಿದ್ದರೆ ಹುಣಸೆ ಎಷ್ಟೆಂದು ಹೇಳುತ್ತೇನೆ.

ಇಂತಿ,
ನಿನ್ನ ಅವ್ವ