ಹೆಸರು ಬೇರೆ, ಮದ್ದು ಅದೇ

ಚಿರಂಜೀವಿ ಸುಹಾಸನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಕೊಲೆಸ್ಟ್ರಾಲ್ ಇಳಿಸೋಕೆ ಡಾಕ್ಟರು ಬರೆದದ್ದು ಲಿಪಿಟಾರ್, ಅಂಗಡಿಯವರು ಕೊಟ್ಟದ್ದು ಬೇರೆ ಯಾವುದೋ ಹೆಸರಿನ ಅಗ್ಗದ ಮಾತ್ರೆ, ನುಂಗೋದಾ ಬೇಡ್ವಾ ಅಂತ ಕೇಳಿದ್ದೀಯ. ಔಷಧ ಅಂಗಡಿಯ ಕೌಂಟರಿನ ಹಿಂದೆಯೇ ತಲೆ ನರೆತವಳು ನಾನು. ನುಂಗು ಅಂತಲೇ ಹೇಳುತ್ತೇನೆ. ಆದರೆ ನೋಡಿಕೊಂಡು ನುಂಗು.

ಮೊದಲು ಸ್ಟ್ರಿಪ್ ತಿರುಗಿಸು. ದಪ್ಪ ಅಕ್ಷರದ ಹೆಸರು ಕಂಪನಿ ಇಟ್ಟದ್ದು, ಅದನ್ನು ಬಿಡು. ಲಿಪಿಟಾರ್ ಒಳಗಿನ ಮದ್ದಿನ ಹೆಸರು ಅಟೊರ್ವಾಸ್ಟಾಟಿನ್, ಸಣ್ಣ ಅಕ್ಷರದಲ್ಲಿ ಅದು ಇದೆಯಾ? ಪಕ್ಕದಲ್ಲಿ ಡಾಕ್ಟರು ಬರೆದಷ್ಟೇ ಎಂಜಿ ಇದೆಯಾ? ಇದ್ದರೆ ಮದ್ದು ಅದೇ. ಬಣ್ಣ, ಆಕಾರ, ಮೇಲಿನ ಲೇಪ ಒಂದೊಂದು ಕಂಪನಿಯದು ಒಂದೊಂದು ಥರ ಇರುತ್ತದೆ, ಅಷ್ಟೆ.

ನನಗೆ ನಿಜವಾದ ಭಯ ಇರೋದು ಬೇರೆ ಕಡೆ. ಹಳೇ ಸ್ಟ್ರಿಪ್‌ನಲ್ಲಿ ಇನ್ನೂ ಮಾತ್ರೆ ಉಳಿದಿರುತ್ತದೆ. ಹೊಸದರ ಹೆಸರು ಬೇರೆ. ಇದು ಇನ್ಯಾವುದಕ್ಕೋ ಕೊಟ್ಟಿದ್ದಾರೆ ಅಂದುಕೊಂಡು ಜನ ಎರಡನ್ನೂ ನುಂಗುತ್ತಾರೆ. ಡಬಲ್ ಡೋಸ್! ಅದರಿಂದ ಲಾಭವಾದರೂ ಇದೆಯಾ ಅಂದರೆ ಹೆಚ್ಚೇನಿಲ್ಲ. ಡೋಸ್ ದುಪ್ಪಟ್ಟಾದರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಸುಮಾರು ಶೇ. 6ರಷ್ಟು ಮಾತ್ರ ಜಾಸ್ತಿ ಇಳಿಯುತ್ತದೆ. ಅಡ್ಡ ಪರಿಣಾಮದ ಅಪಾಯ ಮಾತ್ರ ಏರುತ್ತದೆ. ಒಂದು ದಿನ ಮರೆತರೂ ಅಷ್ಟೇ, ಮರುದಿನ ಎರಡು ನುಂಗಬೇಡ.

ಅಗ್ಗ ಅಂದ ಮೇಲೆ ಕಳಪೆಯೇ ಇರಬೇಕು ಅನ್ನೋ ಅನುಮಾನ ನಿನಗೂ ಇದೆ ಅಲ್ವಾ? ಬೆಲೆ ಇಳಿದದ್ದು ಪೇಟೆಂಟ್ ಮುಗಿದದ್ದಕ್ಕೆ ಕಣೋ. ಬ್ರೂಸ್ ರಾತ್ ಎಂಬ ರಸಾಯನ ವಿಜ್ಞಾನಿ ಈ ಮದ್ದನ್ನು ಮೊದಲು ತಯಾರಿಸಿದ್ದು 1985ರಲ್ಲಿ. ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1997ರಲ್ಲಿ. 2011ರ ನವೆಂಬರ್ ಕೊನೆಗೆ ಅಲ್ಲಿ ಪೇಟೆಂಟ್ ಮುಗಿದು ಬೇರೆ ಕಂಪನಿಗಳ ಮಾತ್ರೆಯೂ ಬಂತು. ಹೀಗೆ ಬರುವವರು ಸಾವಿರಾರು ರೋಗಿಗಳ ಮೇಲೆ ಮತ್ತೆ ಮೊದಲಿನಿಂದ ಪ್ರಯೋಗ ಮಾಡಬೇಕಿಲ್ಲ. ತಮ್ಮ ಮಾತ್ರೆಯೂ ಮೂಲ ಮಾತ್ರೆಯ ಹಾಗೇ ರಕ್ತಕ್ಕೆ ಸೇರುತ್ತದೆ ಅಂತ ತೋರಿಸಬೇಕು. ಅದರ ಮಿತಿ ಶೇ. 80ರಿಂದ 125 ಅಂತ ಎಲ್ಲೋ ಓದಿ, ಮದ್ದೇ ಶೇ. 20ರಷ್ಟು ಕಮ್ಮಿ ಹಾಕಿರುತ್ತಾರೆ ಅಂತ ಗಾಬರಿಯಾಗುವವರಿದ್ದಾರೆ. ಅದು ಮದ್ದಿನ ತೂಕದ ಲೆಕ್ಕ ಅಲ್ಲ. ಅಳತೆಯಲ್ಲಿ ಆಗಬಹುದಾದ ಏರುಪೇರೆಲ್ಲ ಸೇರಿ ಆ ಮಿತಿಯೊಳಗೇ ಇರಬೇಕು. ಹಾಗಾಗಿ ಸರಾಸರಿ ಮೂಲಕ್ಕೆ ತೀರಾ ಹತ್ತಿರವೇ ಬರುತ್ತದೆ.

ಯಾವ ಹೊತ್ತಿಗೆ ತಗೋಬೇಕು ಅನ್ನೋದು ದೊಡ್ಡ ವಿಷಯ ಅಲ್ಲ. ಇದೇ ಜಾತಿಯ ಸಿಮ್ವಾಸ್ಟಾಟಿನ್ ಮೈಯಿಂದ ಬೇಗ ಇಳಿದುಹೋಗುವ ಮದ್ದು, ಅದನ್ನು ರಾತ್ರಿ ಕೊಡುತ್ತಾರೆ. ನಿನ್ನದು ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ದಿನಾ ಒಂದೇ ಹೊತ್ತಿಗೆ ತಗೊಂಡರೆ ಸಾಕು.

ರಿಪೋರ್ಟ್ ನಾರ್ಮಲ್ ಬಂತು, ಇನ್ನು ಯಾಕೆ ಸುಮ್ನೆ ಅಂತ ನಿಲ್ಲಿಸೋದನ್ನು ಮಾತ್ರ ಮಾಡಬೇಡ. ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಲಿವರ್ ಕೊಲೆಸ್ಟ್ರಾಲ್ ಮಾಡಿಕೊಳ್ಳಲು ಬಳಸುವ ಕಿಣ್ವವನ್ನು ಅದು ತಡೆಯುತ್ತದೆ. ಆಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮತ್ತೆ ಹಳೇ ಮಟ್ಟಕ್ಕೆ ಹೋಗುತ್ತದೆ, ನಿನಗೆ ಗೊತ್ತೂ ಆಗೋದಿಲ್ಲ.

ಕಾಲು ನೋವು ಅಂತ ಬರೆದಿದ್ದೀಯ. ಈ ಮಾತ್ರೆಗಳಿಂದ ಸ್ನಾಯು ನೋವು ಬರಬಹುದು, ನಿಜ. ಆದರೆ ಎಲ್ಲ ನೋವೂ ಅದರದ್ದಲ್ಲ. ಈ ಜಾತಿಯ ಮಾತ್ರೆಗಳಿಗೆ ಸ್ಟಾಟಿನ್ ಅಂತಾರೆ. ಇಂಥ ತೊಂದರೆಯಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರ ಮೇಲೆ ಸ್ಯಾಮ್ಸನ್ ಅನ್ನೋ ಪ್ರಯೋಗ ಮಾಡಿದ್ದರು, 2020ರಲ್ಲಿ ಪ್ರಕಟವಾಯಿತು. ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಮದ್ದೇ ಇಲ್ಲದ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ಸ್ಟಾಟಿನ್ ಕಾಲದ ತೊಂದರೆಯಲ್ಲಿ ಶೇ. 90ರಷ್ಟು ಮದ್ದಿಲ್ಲದ ಮಾತ್ರೆಗೂ ಕಾಣಿಸಿಕೊಂಡಿತ್ತು! ನೋವು ಸುಳ್ಳು ಅಂತಲ್ಲ, ಕಾರಣ ಹುಡುಕಬೇಕು ಅಂತ. ಡಾಕ್ಟರಿಗೆ ಹೇಳು. ಡೋಸ್ ಇಳಿಸಬಹುದು, ರೋಸುವಾಸ್ಟಾಟಿನ್‌ನಂಥ ಬೇರೆ ಮಾತ್ರೆ ಕೊಡಬಹುದು. ಆದರೆ ತೀರಾ ನೋವು, ಸುಸ್ತು, ಜೊತೆಗೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ತಡ ಮಾಡದೆ ಅವತ್ತೇ ಆಸ್ಪತ್ರೆಗೆ ಹೋಗು. ಅದು ಅಪರೂಪ, ಆದರೆ ಕಾಯುವಂಥದ್ದಲ್ಲ.

ಬೇರೆ ಯಾರಾದರೂ ಡಾಕ್ಟರು ಆಂಟಿಬಯಾಟಿಕ್ ಬರೆದರೆ ಈ ಮಾತ್ರೆ ತಗೋತಿದ್ದೀನಿ ಅಂತ ಮೊದಲೇ ಹೇಳು. ಕ್ಲಾರಿಥ್ರೋಮೈಸಿನ್‌ನಂಥವು ಇದರ ಪ್ರಮಾಣವನ್ನು ರಕ್ತದಲ್ಲಿ ಏರಿಸಿಬಿಡುತ್ತವೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಹಳೇದು, ಹೊಸದು ಎರಡೂ ಸ್ಟ್ರಿಪ್ ಜೇಬಲ್ಲಿರಲಿ. ರಕ್ತ ಪರೀಕ್ಷೆ ಯಾವಾಗ ಅಂತಲೂ ಕೇಳಿ ನನಗೆ ತಿಳಿಸು.

ನಿನ್ನ ಚಿಕ್ಕಮ್ಮ