ದೊಡ್ಡಣ್ಣ ಕೈ ತಡೆದುಕೊಳ್ಳಲಿ

ಮಾನ್ಯ ಸಂಪಾದಕರೇ,

‘ದೊಡ್ಡಣ್ಣ ಸುಮ್ನೆ ಕೂತರೆ ಲೋಕ ಹಾಳಾಗುತ್ತದೆ, ಕೆಟ್ಟ ಸರ್ಕಾರಗಳನ್ನು ಅಮೆರಿಕವೇ ಕಿತ್ತು ಹಾಕಬೇಕು’ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅಮೆರಿಕ ಹಾಗೆ ಕಿತ್ತು ಹಾಕಿದ ಒಂದು ಸರ್ಕಾರದ ಊರಿನಲ್ಲಿ ನಾನು ಎರಡು ವರ್ಷ ದುಡಿದಿದ್ದೇನೆ. ಅದಕ್ಕೇ ಈ ಪತ್ರ.

1982ರಿಂದ 84ರವರೆಗೆ ಬಾಗ್ದಾದಿನ ಒಂದು ಕಟ್ಟಡ ಕಾಮಗಾರಿಯಲ್ಲಿ ನಾನು ಸರ್ವೇಯರ್. ಇರಾನ್ ಜೊತೆ ಯುದ್ಧ ನಡೆಯುತ್ತಿದ್ದ ಕಾಲ. ಬೆಳಿಗ್ಗೆ ಸೈಟಿಗೆ ಹೋಗುವಾಗ, ಧ್ವಜ ಸುತ್ತಿದ ಶವಪೆಟ್ಟಿಗೆಯನ್ನು ತಲೆ ಮೇಲೆ ಕಟ್ಟಿಕೊಂಡು ಟ್ಯಾಕ್ಸಿಗಳು ಎದುರು ಬರುತ್ತಿದ್ದವು. ಯಾವ ಮನೆಗೆ ಹೋದರೂ ಒಬ್ಬ ಮಗನಾದರೂ ಸೈನ್ಯದಲ್ಲಿದ್ದ. ನನ್ನ ಲೆವೆಲಿಂಗ್ ಸ್ಟಾಫ್ (ನೆಲದ ಏರಿಳಿತ ಅಳೆಯುವ ಕೋಲು) ಹಿಡಿಯುತ್ತಿದ್ದವನೂ ಅಲ್ಲಿಯದೇ ಹುಡುಗ. ಹದಿನೆಂಟು ತುಂಬಿದ್ದೇ ತಡ, ಅವನಿಗೂ ಕರೆ ಬಂತು. ಹೊರಡುವ ದಿನ ಮನೆಯಿಂದ ಖರ್ಜೂರ ತಂದು ಎಲ್ಲರಿಗೂ ಹಂಚಿದ. ಸ್ಟಾಫಿಗೆ ಮೆತ್ತಿದ್ದ ಮಣ್ಣನ್ನು ಅಂಗಿಯ ತುದಿಯಿಂದಲೇ ಒರೆಸಿ ನನ್ನ ಕೈಗೆ ಕೊಟ್ಟ. ಆಮೇಲೆ ಅವನ ಸುದ್ದಿ ಸಿಗಲಿಲ್ಲ.

ನಾನು ಅಲ್ಲಿದ್ದಾಗಲೇ, 1983ರ ಡಿಸೆಂಬರಿನಲ್ಲಿ, ಡೊನಾಲ್ಡ್ ರಮ್ಸ್‌ಫೆಲ್ಡ್ ಅಮೆರಿಕದ ದೂತರಾಗಿ ಬಂದು ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನರ ಕೈ ಕುಲುಕಿ ಹೋದರು. ಇರಾನ್ ಗೆಲ್ಲಬಾರದು ಅನ್ನುವುದು ಆಗಿನ ಲೆಕ್ಕ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಸದ್ದಾಂ ಮೇಲೆ ದಂಡೆತ್ತಿ ಹೋದಾಗ ಅದೇ ರಮ್ಸ್‌ಫೆಲ್ಡ್ ಅಮೆರಿಕದ ರಕ್ಷಣಾ ಮಂತ್ರಿ.

ಸದ್ದಾಂ ಒಳ್ಳೆಯವರೆಂದು ನಾನು ಹೇಳುವುದಿಲ್ಲ. ಅವರ ಹೆಸರು ಬಂದರೆ ನಮ್ಮ ಸೈಟಿನ ಇರಾಕಿಗಳು ದನಿ ತಗ್ಗಿಸುತ್ತಿದ್ದರು. 1988ರಲ್ಲಿ ಹಲಬ್ಜಾ ಊರಿನಲ್ಲಿ ವಿಷಾನಿಲ ಬಿಟ್ಟು ಸಾವಿರಾರು ಕುರ್ದ್ ಜನರನ್ನು ಕೊಂದ ಸರ್ಕಾರ ಅದು. 1990ರಲ್ಲಿ ಕುವೈತನ್ನು ನುಂಗಿದಾಗ ನಮ್ಮ ಕರಾವಳಿಯ ಎಷ್ಟೋ ಮಂದಿ ದುಡಿದದ್ದನ್ನೆಲ್ಲ ಬಿಟ್ಟು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿ ಬರಿಗೈಲಿ ಬಂದರು. ಕುವೈತಿನಿಂದ ಇರಾಕಿ ಸೈನ್ಯವನ್ನು ಹೊರಗಟ್ಟಿದ್ದು ಸರಿಯೇ. ವಿಶ್ವಸಂಸ್ಥೆಯ ಒಪ್ಪಿಗೆಯೂ ಇತ್ತು. ಕೆಲಸ ಮುಗಿದ ಮೇಲೆ ಆಗಿನ ಅಮೆರಿಕದ ಅಧ್ಯಕ್ಷ ಹಿರಿಯ ಬುಷ್ ಬಾಗ್ದಾದಿಗೆ ನುಗ್ಗಲಿಲ್ಲ. ನೂರು ಗಂಟೆಗಳ ನೆಲದ ಯುದ್ಧ, ಅಲ್ಲಿಗೆ ನಿಲ್ಲಿಸಿದರು. ಅಂಜಿದರು ಎಂದು ಕೆಲವರು ಆಡಿಕೊಂಡರು. ಒಳಗೆ ಹೋದರೆ ಹೊರಗೆ ಬರುವ ದಾರಿ ಗೊತ್ತಿಲ್ಲ ಎಂದು ತಿಳಿದೇ ನಿಂತವರು ಅವರು.

ಮಗ ಬುಷ್ ಅಧ್ಯಕ್ಷರಾದ ಕಾಲಕ್ಕೆ ಆ ತಾಳ್ಮೆ ಇರಲಿಲ್ಲ. ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು 2003ರ ಮಾರ್ಚಿನಲ್ಲಿ ಹೊಕ್ಕರು. ಅಸ್ತ್ರಗಳು ಸಿಗಲೇ ಇಲ್ಲ. ಮೂರು ವಾರಕ್ಕೆ ಬಾಗ್ದಾದ್ ಬಿತ್ತು. ಮೇ ತಿಂಗಳಲ್ಲಿ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಒಂದೇ ಆದೇಶದಲ್ಲಿ ಇಡೀ ಇರಾಕಿ ಸೈನ್ಯವನ್ನು ವಿಸರ್ಜಿಸಿದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನನ್ನ ಸ್ಟಾಫ್ ಹುಡುಗ ಬದುಕಿದ್ದರೆ ಆಗ ನಲವತ್ತರ ಹತ್ತಿರ. ಅವನಂಥ ಲಕ್ಷಾಂತರ ಗಂಡಸರು. ಮನೆಯಲ್ಲಿ ಹೆಂಡತಿ ಮಕ್ಕಳು, ಕೈಯಲ್ಲಿ ಬಂದೂಕು ಹಿಡಿದು ಗೊತ್ತು, ತಿಂಗಳ ಸಂಬಳ ಮಾತ್ರ ಇಲ್ಲ. ಮುಂದೆ ಏನಾಗುತ್ತದೆಂದು ತಿಳಿಯಲು ಪರಿಣತರೇ ಬೇಕಾ? ಅದೇ ಸೈನ್ಯದ ಹಳೆಯ ಅಧಿಕಾರಿಗಳು ಕೆಲವರು ಐಸಿಸ್ ಎಂಬ ಉಗ್ರರ ಗುಂಪು ಸೇರಿದರು. 2014ರಲ್ಲಿ ಆ ಐಸಿಸ್ ಇರಾಕಿನ ಮೋಸುಲ್ ನಗರ ಹಿಡಿಯಿತು. ಅಲ್ಲಿ ಅವರ ಕೈಗೆ ಸಿಕ್ಕಿ ಸತ್ತವರಲ್ಲಿ ಕೂಲಿಗೆಂದು ಹೋಗಿದ್ದ 39 ಭಾರತೀಯರೂ ಇದ್ದರು. ಈ ಯುದ್ಧದಲ್ಲಿ ಅಮೆರಿಕ ತನ್ನ ಸುಮಾರು 4,500 ಸೈನಿಕರನ್ನು ಕಳೆದುಕೊಂಡಿತು. ಸತ್ತ ಇರಾಕಿ ಸಾಮಾನ್ಯರು ಲಕ್ಷಕ್ಕೂ ಜಾಸ್ತಿ.

2011ರಲ್ಲಿ ಲಿಬಿಯಾದಲ್ಲೂ ಹೀಗೇ ಆಯಿತು. ಅಲ್ಲಿನ ಸರ್ವಾಧಿಕಾರಿ ಗದ್ದಾಫಿ ಬಿದ್ದ ಮರುದಿನಕ್ಕೆ ತಯಾರಿ ಮಾಡದ್ದೇ ತಮ್ಮ ಅತಿ ದೊಡ್ಡ ತಪ್ಪು ಎಂದು ಒಬಾಮ ಅವರೇ ಆಮೇಲೆ ಒಪ್ಪಿಕೊಂಡರು.

ಕೈ ತಡೆದುಕೊಂಡರೆ ದೇಶ ಸಣ್ಣದಾಗುವುದಿಲ್ಲ. 2003ರಲ್ಲಿ ನಮ್ಮ ಸೈನ್ಯವನ್ನೂ ಇರಾಕಿಗೆ ಕಳಿಸಿ ಎಂದು ಅಮೆರಿಕ ಕೇಳಿತ್ತು. ವಿಶ್ವಸಂಸ್ಥೆಯ ಆದೇಶವಿಲ್ಲದೆ ಕಳಿಸುವುದಿಲ್ಲ ಎಂದಿತು ವಾಜಪೇಯಿ ಸರ್ಕಾರ. ಇಲ್ಲದಿದ್ದರೆ ನಮ್ಮ ಕೊಡಗಿಗೋ ಬೆಳಗಾವಿಗೋ ಎಷ್ಟು ಪೆಟ್ಟಿಗೆಗಳು ಬರುತ್ತಿದ್ದವೋ.

ಅಮೆರಿಕದ ಸಂವಿಧಾನದಲ್ಲೇ ಇದಕ್ಕೆ ಕಡಿವಾಣ ಇದೆ. ಯುದ್ಧ ಸಾರುವ ಅಧಿಕಾರ ಅಧ್ಯಕ್ಷರದ್ದಲ್ಲ, ಕಾಂಗ್ರೆಸ್ಸಿನದು, ಅಂದರೆ ಅಲ್ಲಿನ ಸಂಸತ್ತಿನದು. ಇರಾಕ್ ಯುದ್ಧಕ್ಕೆ 2002ರ ಅಕ್ಟೋಬರಿನಲ್ಲಿ ಕೆಳಮನೆಯ 133 ಸದಸ್ಯರು, ಸೆನೆಟಿನ 23 ಮಂದಿ ಬೇಡ ಎಂದಿದ್ದರು. ಆ ದಿನಗಳಲ್ಲಿ ಹಾಗೆ ಕೈ ಎತ್ತಲು ಗುಂಡಿಗೆ ಬೇಕಿತ್ತು.

ನನ್ನ ಮಗಳು ಈಗ ನ್ಯೂಜೆರ್ಸಿಯಲ್ಲಿದ್ದಾಳೆ, ಅಲ್ಲಿಯ ಪೌರಳು. ಅವಳು ಕಟ್ಟುವ ತೆರಿಗೆಯೂ ಈ ಬಾಂಬುಗಳಿಗೆ ಹೋಗುತ್ತದೆ ಅಲ್ವಾ? ಓಟು ಕೇಳಲು ಬರುವವರನ್ನು ಏನು ಕೇಳಲಿ ಅಪ್ಪಾ ಎಂದು ಮೊನ್ನೆ ಫೋನಿನಲ್ಲಿ ಕೇಳಿದಳು. ನಾನು ಹೇಳಿದೆ: ‘ನೀವು ಕಿತ್ತು ಹಾಕುವ ಸರ್ಕಾರ ಬಿದ್ದ ಮರುದಿನ ಅಲ್ಲಿಯ ಸೈನಿಕನಿಗೆ ಸಂಬಳ ಕೊಡುವವರು ಯಾರು ಅಂತ ಕೇಳು ಮಗಾ. ಉತ್ತರ ಬರುವ ತನಕ ಓಟಿನ ಮಾತು ಆಡಬೇಡ.’

ಇಂತಿ,
ನಿವೃತ್ತ ಸರ್ವೇಯರ್, ಕುಂದಾಪುರ