ಸೇತುವೆಯ ಸಭೆ ಸೇತುವೆ ಹತ್ತಿರವೇ ಆಗಲಿ

ಸಂಪಾದಕರಿಗೆ,

ಕಾಸರಗೋಡು ಜಿಲ್ಲೆಯ ನಮ್ಮ ಪೇಟೆಯ ಪಾರ್ಕಿನಲ್ಲಿ ಹಳೇ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಸೇತುವೆಯೊಂದಿದೆ. ಅದನ್ನು ದುರಸ್ತಿ ಮಾಡುತ್ತಾರಂತೆ. ಖುಷಿಯ ವಿಷಯವೇ. ಸಾರ್ವಜನಿಕರ ಅಭಿಪ್ರಾಯ ಕೇಳುವ ನೋಟಿಸನ್ನೂ ಸೇತುವೆಯ ಕಟ್ಟೆಗೆ ಅಂಟಿಸಿದ್ದರು. ಅದು ಮಲಯಾಳದಲ್ಲಿ ಮಾತ್ರ ಇತ್ತು. ಸಭೆ ಬುಧವಾರ ಬೆಳಗ್ಗೆ 11 ಗಂಟೆಗೆ, ಕಚೇರಿಯ ಎರಡನೇ ಮಹಡಿಯಲ್ಲಿ. ಹೋಗಿದ್ದೆ. ಅಧಿಕಾರಿಗಳನ್ನು ಬಿಟ್ಟರೆ ನಾವು ಆರು ಮಂದಿ. ಅದರಲ್ಲೂ ಇಬ್ಬರು ಸುಮ್ನೆ ಫ್ಯಾನಿನ ಗಾಳಿಗೆ ಬಂದವರು!

ನನಗೆ ಮಲಯಾಳ ಓದಲು ಬರುತ್ತದೆ, ಅದು ಬೇರೆ ಮಾತು. ಆದರೆ ದಿನಾ ಆ ಸೇತುವೆ ದಾಟಿ ಹೂವು, ಬಸಳೆ ಮಾರಲು ಹೋಗುವ ಹೆಂಗಸರು ಆಡುವುದು ತುಳು, ಓದುವುದು ಕನ್ನಡ. ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸಲು 1969ರಲ್ಲೇ ಕೇರಳದ ಆಡಳಿತ ಭಾಷಾ ಕಾನೂನು ಅವಕಾಶ ಕೊಟ್ಟಿದೆ. ಒಂದು ನೋಟಿಸಿಗೋಸ್ಕರ ಅದನ್ನೆಲ್ಲ ನೆನಪಿಸಬೇಕಾ?

ನನಗೆ ಇನ್ನೂ ಜಾಸ್ತಿ ಚಿಂತೆ ಸಿಮೆಂಟಿನದ್ದು. ಬಿರುಕಿಗೆಲ್ಲ ಸಿಮೆಂಟ್ ತುಂಬಿ ಮೇಲೆ ಟೈಲ್ಸ್ ಹಾಕುತ್ತೇವೆ ಎಂದರು ಸಭೆಯಲ್ಲಿ ಅಧಿಕಾರಿಗಳು. ಬರುವಾಗ ಕಮಾನಿನ ಅಡಿಗೆ ಬಗ್ಗಿ ನೋಡಿದೆ. ಕಲ್ಲಿನ ಸಂದಿಗೆ ಬೆರಳು ಹಾಕಿದರೆ ಗಾರೆ ಪುಡಿಪುಡಿಯಾಗಿ ಬಂತು. ಅದರೊಳಗೆ ಉಗುರಿನಷ್ಟು ಚಿಪ್ಪಿನ ಚೂರು, ಇನ್ನೂ ಹೊಳೆಯುತ್ತಿತ್ತು. ಅಳಿವೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣ ಅದು. ಆ ಗಾರೆ ಮಳೆಗೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಹಾಗಲ್ಲ. ಬಿಗಿಯಾಗಿ ಕೂತು ನೀರನ್ನು ಕಲ್ಲಿನೊಳಗೇ ಕಟ್ಟಿಹಾಕುತ್ತದೆ. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಸುರಿಯುವ ಊರಲ್ಲಿ ಕೆಲವೇ ಮಳೆಗಾಲಕ್ಕೆ ಮುರಕಲ್ಲು ಉದುರಿ, ಸಿಮೆಂಟಿನ ಗೆರೆ ಮಾತ್ರ ಎದ್ದು ನಿಲ್ಲುತ್ತದೆ. ನಮ್ಮ ಬಾವಿಕಟ್ಟೆಗೆ ನಾನೇ ಹೀಗೆ ಮಾಡಿಸಿ ಕೈ ಸುಟ್ಟುಕೊಂಡಿದ್ದೇನೆ.

ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಗಾರೆ ಅರೆದು ಗೊತ್ತಿರುವ ವಯಸ್ಸಾದ ಮೇಸ್ತ್ರಿಗಳು ಈ ಕಡೆ ಇನ್ನೂ ಒಬ್ಬಿಬ್ಬರಿದ್ದಾರೆ. ಅವರನ್ನು ಯಾರೂ ಕರೆದಿರಲಿಲ್ಲ. ಮಂಡಿನೋವು ಇಟ್ಟುಕೊಂಡು ಎರಡನೇ ಮಹಡಿ ಹತ್ತಿ ಅವರು ಬರುವುದೂ ಇಲ್ಲ. ಭಾನುವಾರ ಸಂಜೆ ಸೇತುವೆ ಪಕ್ಕದ ಮರದಡಿ ನಾಲ್ಕು ಕುರ್ಚಿ ಹಾಕಿ, ಅವರಿಂದ ಕಲ್ಲು ಮುಟ್ಟಿಸಿ ಕೇಳಿದರೆ ಆಯ್ತು. ನೋಟಿಸ್ ಕನ್ನಡದಲ್ಲೂ ಇರಲಿ. ಅಲ್ಲಿಯವರೆಗೆ ಸಿಮೆಂಟ್ ಚೀಲ ಬಿಚ್ಚಬೇಡಿ. ಚೀಲಗಳು ಆಗಲೇ ಬಂದು ಗೇಟಿನ ಹತ್ತಿರ ಟಾರ್ಪಾಲಿನಡಿ ಕೂತಿವೆ.

– ಒಬ್ಬ ಓದುಗ, ಕಾಸರಗೋಡು ಜಿಲ್ಲೆ